ಮುಖದ ನೆರಳು, ಮುಖದ ಬೆಳಕು

ಪ್ರಸಾಧನ ಕಲೆಯಲ್ಲಿ ಈಚೆಗೆ ಬಹಳ ಪ್ರಚಾರಕ್ಕೆ ಬಂದಿರುವ ಎರಡು ಮಾತುಗಳು ‘ಕಂಟೂರ್’ ಮತ್ತು ‘ಹೈಲೈಟ್’. ಮುಖದ ಕೆಲವು ಭಾಗಗಳಿಗೆ ಮೈಬಣ್ಣಕ್ಕಿಂತ ತುಸು ಗಾಢವಾದ ಬಣ್ಣವನ್ನು ತೀಡಿ ಅವು ಒಳಸರಿದಂತೆ ತೋರಿಸುವುದು ಮೊದಲನೆಯದು. ಮತ್ತೆ ಕೆಲವು ಭಾಗಗಳಿಗೆ ತಿಳಿಯಾದ, ಹೊಳಪುಳ್ಳ ಬಣ್ಣವನ್ನಿಟ್ಟು ಅವು ಮುಂದೆ ಬಂದಂತೆ ತೋರಿಸುವುದು ಎರಡನೆಯದು. ನೆರಳಿಡುವುದು, ಬೆಳಕಿಡುವುದು ಎಂದರೆ ಅರ್ಥಕ್ಕೇನೂ ಕೊರತೆಯಾಗದು. ನಾವು ಇಲ್ಲಿ ಹಾಗೆಯೇ ಹೇಳುತ್ತೇವೆ.

ಈ ವಿದ್ಯೆ ಅಮೆರಿಕದ ನಟಿಯರಿಂದ ಬಂದುದೆಂದೂ, ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಸಲ್ಲದೆಂದೂ ಹಿರಿಯರಲ್ಲಿ ಕೆಲವರು ಮುಖ ಸಿಂಡರಿಸುವುದುಂಟು. ಕಿರಿಯರಾದರೋ ಕೈಯಲ್ಲಿನ ಫೋನಿನ ಪರದೆಯಲ್ಲಿ ಕಂಡುದನ್ನೆಲ್ಲ ತಮ್ಮ ಮುಖದ ಮೇಲೆ ಪ್ರಯೋಗಿಸಿ ನೋಡುವರು. ಇಬ್ಬರೂ ಒಂದು ವಿಷಯವನ್ನು ಮರೆತಿದ್ದಾರೆಂದು ನಮಗೆ ತೋರುತ್ತದೆ. ನೆರಳು ಬೆಳಕುಗಳಿಂದ ಮುಖವನ್ನು ತಿದ್ದುವುದು ದೀಪಕ್ಕೂ ದೂರಕ್ಕೂ ಸಂಬಂಧಿಸಿದ ವಿದ್ಯೆ. ಯಾವ ದೀಪದ ಕೆಳಗೆ, ಎಷ್ಟು ದೂರದಿಂದ ನೋಡುವ ಕಣ್ಣಿಗಾಗಿ ಬಣ್ಣ ಹಚ್ಚುತ್ತೇವೆಂಬುದು ನಿಶ್ಚಯವಾಗದೆ ಕುಂಚವನ್ನು ಕೈಗೆತ್ತಿಕೊಳ್ಳುವುದು ವ್ಯರ್ಥ. ಇದನ್ನು ನಮಗೆ ಕಲಿಸಲು ಪರದೇಶದವರು ಬರಬೇಕಾಗಿಲ್ಲ; ಯಕ್ಷಗಾನದ ಚೌಕಿಯೇ ಸಾಕು.

ಬಯಲಾಟದ ಮುಖವರ್ಣಿಕೆಯನ್ನು ನಮ್ಮ ವಾಚಕರಲ್ಲಿ ಅನೇಕರು ಬಾಲ್ಯದಲ್ಲಿ ಚೌಕಿಯ ತಟ್ಟಿಯ ಸಂದಿನಿಂದ ಇಣುಕಿ ಕಂಡವರೇ. ಬಿಳಿಯ ಸಫೇದ, ಹಳದಿಯ ಅರದಳ, ಕೆಂಪಿನ ಇಂಗಳೀಕ, ಕರಿಯ ಕಾಡಿಗೆ, ಇಷ್ಟರಲ್ಲಿಯೇ ದೇವತೆಗಳೂ ದಾನವರೂ ಹುಟ್ಟಬೇಕಾಗಿತ್ತು. ಮೂರು ಬಣ್ಣಗಳನ್ನು ಹದವಾಗಿ ಬೆರೆಸಿ ಮುಖಕ್ಕೆಲ್ಲ ಹಚ್ಚಿದರೆ ಅದು ಬರಿಯ ಹಲಗೆಯಾಯಿತು. ಆ ಹಲಗೆಯ ಮೇಲೆ ಹುಬ್ಬು, ಕಣ್ಣು, ಮೂಗಿನ ಏಣು, ಗಲ್ಲದ ಅಂಚುಗಳನ್ನು ಮತ್ತೊಮ್ಮೆ ಎಬ್ಬಿಸಿ ನಿಲ್ಲಿಸಬೇಕು. ತೆಂಕುತಿಟ್ಟಿನ ಬಣ್ಣದ ವೇಷದಲ್ಲಿ ಬರಿಯ ಗೆರೆ ಸಾಲದೆಂದು ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿಯನ್ನು ಸಾಲುಸಾಲಾಗಿ ಇಟ್ಟು ಮುಖವನ್ನೇ ಉಬ್ಬುಶಿಲ್ಪವನ್ನಾಗಿ ಮಾಡುವರು. ಬಣ್ಣದ ಮಾಲಿಂಗರಂಥವರು ಗಂಟೆಗಟ್ಟಲೆ ಕನ್ನಡಿಯ ಮುಂದೆ ಕುಳಿತು ರೂಪಿಸುತ್ತಿದ್ದ ರಾಕ್ಷಸಮುಖವು ಪಂಜಿನ ಬೆಳಕಿಗೂ, ಗದ್ದೆಯ ಅಂಚಿನಲ್ಲಿ ಚಾಪೆ ಹಾಸಿ ಕುಳಿತ ಪ್ರೇಕ್ಷಕನ ಕಣ್ಣಿಗೂ ಹೊಂದಿಕೊಂಡು ಬೆಳೆದ ಮುಖ. ಪಂಜು ಹೋಗಿ ಗ್ಯಾಸ್‌ಲೈಟು ಬಂದಾಗ, ಗ್ಯಾಸ್‌ಲೈಟು ಹೋಗಿ ವಿದ್ಯುದ್ದೀಪ ಬಂದಾಗ, ಅದೇ ಬಣ್ಣ ಬೇರೆಯಾಗಿ ಕಾಣತೊಡಗಿತು. ಶಿವರಾಮ ಕಾರಂತರು ೧೯೫೭ರಲ್ಲಿ ‘ಯಕ್ಷಗಾನ ಬಯಲಾಟ’ ಗ್ರಂಥವನ್ನು ಪ್ರಕಟಿಸಿದಾಗ ಅದರಲ್ಲಿ ವೇಷ ಮತ್ತು ಬಣ್ಣಗಳ ವಿಚಾರವೂ ಗಂಭೀರವಾದ ಅಧ್ಯಯನದ ವಸ್ತುವಾಯಿತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ಸ್ತ್ರೀವೇಷ. ಬಹುಕಾಲ ಗಂಡಸರೇ ಹೆಣ್ಣಿನ ಪಾತ್ರಗಳನ್ನು ಧರಿಸುತ್ತಿದ್ದರಷ್ಟೆ. ಗಂಡಿನ ದವಡೆ ಅಗಲ, ಹುಬ್ಬಿನ ಎಲುಬು ಮುಂದಕ್ಕೆ, ಗದ್ದ ಚೌಕ. ಇದನ್ನು ದ್ರೌಪದಿಯ ಮುಖವಾಗಿಯೋ ದಮಯಂತಿಯ ಮುಖವಾಗಿಯೋ ಮಾರ್ಪಡಿಸಬೇಕಾದರೆ ದವಡೆಯ ಮೂಲೆ ಹಿಂದೆ ಸರಿಯಬೇಕು, ಕೆನ್ನೆ ಮುಂದೆ ಬರಬೇಕು. ಕೊಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷವನ್ನು ಕಂಡವರಿಗೆ ಆ ಮಾರ್ಪಾಟಿನ ಮಹಿಮೆಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಅಲ್ಲಿ ಬಣ್ಣಕ್ಕಿಂತ ಅಭಿನಯವೇ ದೊಡ್ಡದು ಎನ್ನುವವರ ಮಾತನ್ನೂ ನಾವು ಅಲ್ಲಗಳೆಯುವುದಿಲ್ಲ. ಈ ಮಹಾರಾಷ್ಟ್ರದಲ್ಲಿಯೇ ಬಾಲಗಂಧರ್ವರು ರಂಗದ ಮೇಲೆ ಹೆಣ್ಣಾಗಿ ನಿಂತಾಗ ಮನೆಯ ಹೆಂಗಸರು ಅವರ ಉಡುಗೆ ತೊಡುಗೆಗಳನ್ನು ಅನುಕರಿಸಿದರು. ಗಂಡಸು ದೀಪಕ್ಕಾಗಿ ಕಟ್ಟಿದ ಹೆಣ್ಣಿನ ರೂಪವನ್ನು ಹೆಣ್ಣೇ ಹಗಲಿಗಾಗಿ ಎರವಲು ಪಡೆದುದು ವಿನೋದವಾದ ಸಂಗತಿಯಲ್ಲವೆ?

ಪಶ್ಚಿಮದಲ್ಲಿಯೂ ನಡೆದುದು ಇದೇ. ಲುಡ್ವಿಗ್ ಲೈಕ್ನರ್ ಎಂಬ ಸಂಗೀತನಾಟಕಗಳ ಗಾಯಕನು ೧೮೭೩ರಲ್ಲಿ ಬರ್ಲಿನ್ ನಗರದಲ್ಲಿ ರಂಗದ ಬಣ್ಣಗಳ ಉದ್ಯಮವನ್ನು ಆರಂಭಿಸಿದನು. ಅದಕ್ಕೆ ಮೊದಲು ನಟರು ಬಳಿದುಕೊಳ್ಳುತ್ತಿದ್ದ ಬಿಳಿಯ ಬಣ್ಣಗಳಲ್ಲಿ ಸೀಸದ ವಿಷವಿರುತ್ತಿತ್ತು. ೧೮೮೧ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರಕ್ಕೆ ವಿದ್ಯುದ್ದೀಪ ಬಂದಿತು. ಪ್ರಖರವಾದ ದೀಪವು ಮುಖದ ಏರುತಗ್ಗುಗಳನ್ನೆಲ್ಲ ನುಂಗಿ ಸಪಾಟಾಗಿಸುವುದರಿಂದ, ನುಂಗಿದ ನೆರಳನ್ನು ನಟನು ಬಣ್ಣದಿಂದ ಮರಳಿ ಬರೆಯಬೇಕಾಗುತ್ತದೆ. ಪೋಲೆಂಡಿನಲ್ಲಿ ಹುಟ್ಟಿ ೧೯೦೪ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಮ್ಯಾಕ್ಸ್ ಫ್ಯಾಕ್ಟರನು ೧೯೧೪ರಲ್ಲಿ ಚಲಚ್ಚಿತ್ರದ ಕ್ಯಾಮರಾಕ್ಕೆ ಒಗ್ಗುವ ತೆಳುವಾದ ಬಣ್ಣವನ್ನು ಸಿದ್ಧಪಡಿಸಿದನು. ಕಪ್ಪು ಬಿಳುಪು ಚಿತ್ರದಲ್ಲಿ ಬಣ್ಣಕ್ಕೆ ಬೆಲೆಯಿಲ್ಲ, ಇರುವುದೆಲ್ಲ ನೆರಳು ಬೆಳಕು ಮಾತ್ರ. ಆ ಕಾಲದ ತಾರೆಯರ ಬತ್ತಿದ ಕೆನ್ನೆ, ಎತ್ತಿದ ಮೂಗುಗಳೆಲ್ಲ ಬಹುಪಾಲು ಕುಂಚದ ಮತ್ತು ದೀಪದ ಸೃಷ್ಟಿ. ಕೆವಿನ್ ಅಕೊಯಿನ್ ಎಂಬ ಪ್ರಸಾಧಕನ ಪುಸ್ತಕಗಳು ೧೯೯೦ರ ದಶಕದಲ್ಲಿ ಈ ಗುಟ್ಟನ್ನು ಮನೆಯ ಕನ್ನಡಿಗೆ ತಂದವು. ೨೦೧೨ರಲ್ಲಿ ಕಿಮ್ ಕಾರ್ಡಾಶಿಯನ್ ಅರ್ಧಂಬರ್ಧ ಬಣ್ಣ ಬಳಿದ ತನ್ನ ಮುಖದ ಚಿತ್ರವನ್ನು ಜಗತ್ತಿಗೆ ತೋರಿಸಿದ ಮೇಲೆ ಅದು ಬೀದಿಬೀದಿಯ ವ್ಯಾಪಾರವಾಯಿತು.

ಹೀಗೆ ದೂರದ ಕಣ್ಣಿಗಾಗಿ ಹುಟ್ಟಿದ ವಿದ್ಯೆಯು ನಮ್ಮ ರಬಾಳೆಗೆ ಬಂದಾಗ ಏನಾಗುತ್ತದೆ? ರಬಾಳೆಯ ಪೂರ್ವಕ್ಕೆ ಪಾರಸಿಕದ ಗುಡ್ಡ, ಪಶ್ಚಿಮಕ್ಕೆ ಠಾಣೆಯ ಖಾಡಿ. ನಡುವೆ ಠಾಣೆ–ಬೇಲಾಪುರ ರಸ್ತೆ ಮತ್ತು ಕಾರ್ಖಾನೆಗಳ ಸಾಲು. ೨೦೦೪ರ ನವೆಂಬರಿನಲ್ಲಿ ಠಾಣೆಯಿಂದ ಲೋಕಲ್ ಗಾಡಿಗಳು ಪ್ರಯಾಣಿಕರನ್ನು ಹೊತ್ತು ಈ ಮಾರ್ಗದಲ್ಲಿ ಓಡತೊಡಗಿದವು. ಹೊಟೇಲು, ಕ್ಯಾಂಟೀನು, ಕಾರ್ಖಾನೆಗಳ ದುಡಿಮೆಯನ್ನು ನಂಬಿ ಬಂದವರ ಹೆಣ್ಣುಮಕ್ಕಳು ಇಂದು ಕೊರಳಿಗೆ ಗುರುತಿನ ಚೀಟಿ ತೊಟ್ಟು ಕಚೇರಿಗಳಿಗೆ ಹೋಗುತ್ತಾರೆ. ಅವರಲ್ಲಿ ಒಬ್ಬಳ ದಿನವನ್ನೇ ನೋಡಿರಿ. ಬೆಳಗ್ಗೆ ನಿಲ್ದಾಣದಲ್ಲಿ ಓರೆಬಿಸಿಲು. ಮಹಿಳೆಯರ ಡಬ್ಬಿಯಲ್ಲಿ ಮೊಗಕ್ಕೆ ಮೊಗ ತಾಗುವಷ್ಟು ಹತ್ತಿರದ ನೋಟ. ಕಚೇರಿಯಲ್ಲಿ ನೆತ್ತಿಯ ಮೇಲಿಂದ ಸುರಿಯುವ ಬಿಳಿಯ ದೀಪ. ಸಂಜೆ ಬಂಧುಗಳ ಮನೆಯ ಆರತಕ್ಷತೆಯಿದ್ದರೆ ಕ್ಯಾಮರಾದವರ ಮಿಂಚು. ಒಂದೇ ಮುಖಕ್ಕೆ ನಾಲ್ಕು ಬೆಳಕು. ಇದರ ಮೇಲೆ ಖಾಡಿಯ ಬದಿಯ ಬೆವರು ಬೇರೆ. ಆರತಕ್ಷತೆಯ ಪ್ರಮಾಣದ ಬಣ್ಣವನ್ನು ಬೆಳಗಿನ ಗಾಡಿಗೆ ಹಚ್ಚಿಕೊಂಡು ಹೋದರೆ, ಕೆನ್ನೆಯ ನೆರಳು ನೆರಳಾಗಿ ಕಾಣದೆ ಮಸಿಯ ಪಟ್ಟಿಯಾಗಿ ಕಾಣುತ್ತದೆ. ದೋಷ ಹುಡುಗಿಯ ಮುಖದ್ದಲ್ಲ, ಬಣ್ಣದ್ದೂ ಅಲ್ಲ, ಪ್ರಮಾಣದ್ದು.

ಇನ್ನು ಮುಖದ ಆಕೃತಿಯ ವಿಚಾರ. ಕೂದಲನ್ನು ಹಿಂದಕ್ಕೆ ಕಟ್ಟಿ, ಕಿಟಕಿಗೆ ಎದುರಾಗಿ ಕನ್ನಡಿ ಹಿಡಿದು, ಹೊಲಿಗೆಯ ಟೇಪಿನಿಂದ ಹಣೆಯ ಅಗಲ, ಕೆನ್ನೆಯೆಲುಬಿನ ಅಗಲ, ದವಡೆಯ ಅಗಲ, ಮುಂದಲೆಯಿಂದ ಗದ್ದದವರೆಗಿನ ಉದ್ದ ಇವನ್ನು ಅಳೆದರೆ ತಮ್ಮ ಮುಖ ಯಾವ ಜಾತಿಯದೆಂಬುದು ತಿಳಿಯುವುದು. ಉದ್ದ ಅಗಲಗಳೆರಡೂ ಹತ್ತಿರಹತ್ತಿರವಿದ್ದು ಅಂಚುಗಳು ಮೃದುವಾಗಿದ್ದರೆ ದುಂಡುಮುಖ. ಅಗಲಗಳು ಮೂರೂ ಸಮನಾಗಿ ದವಡೆಯ ಮೂಲೆ ಎದ್ದು ಕಂಡರೆ ಚೌಕಮುಖ. ಅಗಲಕ್ಕಿಂತ ಉದ್ದವು ಬಹಳ ಮಿಕ್ಕಿದ್ದರೆ ನೀಳಮುಖ. ಹಣೆ ಅಗಲವಾಗಿ ಗದ್ದ ಚೂಪಾದರೆ ವೀಳ್ಯದೆಲೆಯ ಆಕಾರ. ಪರದೇಶದವರು ಇದನ್ನೇ ಹೃದಯಾಕಾರವೆನ್ನುವರು, ನಮಗೆ ವೀಳ್ಯದೆಲೆಯೇ ಚೆಂದ. ಕೆನ್ನೆ ಮಾತ್ರ ಅಗಲವಾಗಿ ಮೇಲೆ ಕೆಳಗೆ ಕಿರಿದಾದರೆ ವಜ್ರಾಕೃತಿ. ಇವಾವುವೂ ಅಲ್ಲದೆ ಮೊಟ್ಟೆಯ ಹಾಗೆ ಕೆಳಕ್ಕೆ ಸಣ್ಣಗಾಗುವ ಮುಖವುಳ್ಳವರು ಹೆಚ್ಚು ಶ್ರಮಪಡಬೇಕಾಗಿಲ್ಲ. ಎರಡು ಜಾತಿಯ ಮಿಶ್ರಣವೇ ಹೆಚ್ಚೆಂಬುದನ್ನೂ ಹೇಳಿಬಿಡಬೇಕು. ಪಟ್ಟಿಯಲ್ಲಿ ತಮ್ಮ ಮುಖವಿಲ್ಲವೆಂದು ಯಾರೂ ನೊಂದುಕೊಳ್ಳಬೇಕಾದುದಿಲ್ಲ.

ದುಂಡುಮುಖದವರು ಕಿವಿಯ ಮುಂಭಾಗದಿಂದ ಬಾಯಿಯ ಮೂಲೆಯತ್ತ, ಕೆನ್ನೆಯೆಲುಬಿನ ಕೆಳಗೆ, ನೆರಳನ್ನು ಓರೆಯಾಗಿ ಇಳಿಸಬೇಕು. ಕಣ್ಣಿನ ಹೊರಮೂಲೆಯಿಂದ ನೇರ ಕೆಳಗೆ ಒಂದು ಗೆರೆಯನ್ನು ಕಲ್ಪಿಸಿಕೊಂಡು ಅಲ್ಲಿಗೆ ನಿಲ್ಲಿಸಿಬಿಡಬೇಕು. ಅದನ್ನು ದಾಟಿದರೆ ಕೆನ್ನೆ ಬತ್ತಿದಂತಾಗಿ ಕಾಯಿಲೆಯವಳ ಹಾಗೆ ಕಾಣುವಳು. ಹಣೆಯ ಎರಡು ಬದಿಗಳಿಗೂ ತುಸು ನೆರಳು, ಹಣೆಯ ನಡುವೆ ಮತ್ತು ಗದ್ದದ ತುದಿಯಲ್ಲಿ ತುಸು ಬೆಳಕು ಇಟ್ಟರೆ ಮುಖವು ಉದ್ದಕ್ಕೆ ಎಳೆದಂತಾಗುವುದು. ಚೌಕಮುಖಕ್ಕೆ ಹೆಚ್ಚಿನ ಕೆಲಸವಿರುವುದು ನಾಲ್ಕು ಮೂಲೆಗಳಲ್ಲಿ. ದವಡೆಯ ಮೂಲೆಗೆ ಇಟ್ಟ ನೆರಳನ್ನು ಕೊರಳಿನವರೆಗೂ ತೀಡಿ ಕರಗಿಸದಿದ್ದರೆ ಗಡ್ಡ ಮೂಡಿದಂತೆ ತೋರುವುದು. ಮದುವೆಯ ಛಾಯಾಚಿತ್ರಗಳಲ್ಲಿ ಈ ಅಪಾಯವನ್ನು ನಾವು ಕಂಡಷ್ಟು ಮತ್ತಾವುದನ್ನೂ ಕಂಡಿಲ್ಲ. ಹಾಗೆ ನೋಡಿದರೆ, ಬಲವಾದ ದವಡೆ ಹೆಣ್ಣಿನ ಮುಖಕ್ಕೆ ಒಂದು ಗಾಂಭೀರ್ಯವನ್ನು ಕೊಡುತ್ತದೆ. ಅದನ್ನು ಪೂರ್ತಿ ಅಳಿಸಿಹಾಕಬೇಕೆಂಬ ಹಟವೇಕೋ ನಮಗೆ ತಿಳಿಯದು.

ನೀಳಮುಖಕ್ಕೆ ನೆರಳು ಮುಂದಲೆಯ ಅಂಚಿನಲ್ಲಿ ಮತ್ತು ಗದ್ದದ ಕೆಳಗೆ. ಕೆನ್ನೆಯ ಬಣ್ಣವನ್ನು ಓರೆಯಾಗಿ ಎಳೆಯದೆ ಅಡ್ಡಕ್ಕೆ ತೀಡಬೇಕು, ಮೂಗಿನ ಮೇಲೆ ಉದ್ದುದ್ದ ಬೆಳಕನ್ನು ಎಳೆಯಬಾರದು. ವೀಳ್ಯದೆಲೆಯ ಮುಖಕ್ಕೆ ಕಣತಲೆಗಳಲ್ಲಿ ನೆರಳು, ದವಡೆಯ ಬದಿಗಳಲ್ಲಿ ಬೆಳಕು. ವಜ್ರಾಕೃತಿಗೆ ಹಣೆಯ ಮೇಲೂ ಗದ್ದದ ಮೇಲೂ ಬೆಳಕಿಟ್ಟು, ಕೆನ್ನೆಯೆಲುಬಿನ ಹೊರತುದಿಗೆ ಸೋಕಿಸಿದ ಹಾಗೆ ನೆರಳು.

ಮೂಗಿನ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಅಗಲವಾದ ಮೂಗನ್ನು ಎರಡು ಗೆರೆಗಳಿಂದ ಕಿರಿದುಗೊಳಿಸುವ ಚಪಲ ಈಗ ಬಹಳ. ಎದುರಿನಿಂದ ತೆಗೆದ ಚಿತ್ರದಲ್ಲಿ ಇದು ಫಲಿಸೀತು. ಪಕ್ಕಕ್ಕೆ ತಿರುಗಿದೊಡನೆ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಚಿತ್ರ ಕದಲುವುದಿಲ್ಲ, ಮನುಷ್ಯರು ಕದಲುತ್ತಾರೆ. ನಮ್ಮ ಅಜ್ಜಿಯರು ಮೂಗಿಗೆ ಮೂಗುತಿಯನ್ನಿಟ್ಟು ನೋಡುವವರ ದೃಷ್ಟಿಯನ್ನು ಆ ಹರಳಿನ ಮೇಲೆ ನಿಲ್ಲಿಸುತ್ತಿದ್ದರು. ಯಾವ ಕಡೆಗೆ ತಿರುಗಿದರೂ ಅದರ ಬೆಳಕು ಕೆಡುತ್ತಿರಲಿಲ್ಲ. ದುಂಡುಮುಖಕ್ಕೆ ನೀಳವಾದ ತಿಲಕ, ನೀಳಮುಖಕ್ಕೆ ಅಗಲವಾದ ಕುಂಕುಮ ಮತ್ತು ಕಿವಿಯ ಬದಿಗೆ ಹರಡುವ ಓಲೆ, ಅಗಲ ಹಣೆಗೆ ಬೈತಲೆಯ ಆಭರಣ, ಮೇಲೆ ಒಂದು ಮೊಳ ಮಲ್ಲಿಗೆ: ಇವೂ ಮುಖದ ಆಕೃತಿಯನ್ನು ತಿದ್ದುವ ಉಪಾಯಗಳೇ. ದೇವರಕೋಣೆಯ ಲಕ್ಷ್ಮೀ ಸರಸ್ವತಿಯರ ಪಟಗಳನ್ನು ಒಮ್ಮೆ ಗಮನಿಸಿರಿ. ರಾಜಾ ರವಿವರ್ಮನು ೧೮೯೪ರಲ್ಲಿ ಇದೇ ಮುಂಬಯಿಯ ಗಿರಗಾಂವಿನಲ್ಲಿ ಮುದ್ರಣಾಲಯವನ್ನು ಆರಂಭಿಸಿ ಮನೆಮನೆಗೆ ಹಂಚಿದ ಆ ದೇವಿಯರ ಮುಖಗಳಲ್ಲಿ ಗೆರೆಯೆಂಬುದೇ ಕಡಿಮೆ. ಮೂಗು, ತುಟಿ, ಗದ್ದಗಳೆಲ್ಲ ನೆರಳು ಬೆಳಕಿನಿಂದಲೇ ಮೂಡಿವೆ. ಅಂಚು ಎಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸಲು ಬಾರದು. ಕುಂಚ ಹಿಡಿದ ಕೈ ಕಲಿಯಬೇಕಾದುದು ಅದನ್ನೇ.

ಬಣ್ಣದ ಆಯ್ಕೆಯಲ್ಲಿ ನಮ್ಮವರು ಎಡವುವುದು ಹೆಚ್ಚು. ನೆರಳಿನ ಬಣ್ಣವು ಮೈಬಣ್ಣಕ್ಕಿಂತ ಒಂದೆರಡು ಛಾಯೆಯಷ್ಟೇ ಗಾಢವಾಗಿರಬೇಕು. ಅದರಲ್ಲಿ ಕೆಂಪಾಗಲಿ ಹೊಳಪಾಗಲಿ ಇರಬಾರದು, ನಿಜವಾದ ನೆರಳಿಗೆ ಕೆಂಪೂ ಇಲ್ಲ ಮಿನುಗೂ ಇಲ್ಲ. ಆದರೆ ಬಿಳಿಯ ತೊಗಲಿನವರಿಗೆಂದು ತಯಾರಾದ ಬೂದುಮಿಶ್ರಿತ ಕಂದನ್ನು ಗೋದಿವರ್ಣದ ಅಥವಾ ಎಣ್ಣೆಗಪ್ಪಿನ ಮುಖಕ್ಕೆ ಹಚ್ಚಿದರೆ ಬೂದಿ ಮೆತ್ತಿದಂತಾಗುವುದು. ನಮಗೆ ಕಾಫಿಪುಡಿಯ ಬಗೆಯ ತುಂಬುಕಂದು ಬೇಕು. ಬೆಳಕಿಗೂ ಹಾಗೆಯೇ. ಬೆಳ್ಳಿಯ ಹೊಳಪು ಬೇಡ, ಬಂಗಾರದ್ದೋ ತಾಮ್ರದ್ದೋ ಇರಲಿ. ಹಿಂದೆ ಅರಸಿನ ಮಿಂದ ಕೆನ್ನೆಯ ಮೇಲೆ ನಿಲ್ಲುತ್ತಿದ್ದ ಹೊಂಬೆಳಕು ಎಂಥದೆಂದು ಬಲ್ಲವರಿಗೆ ಇದು ಕೂಡಲೇ ಅರ್ಥವಾಗುವುದು. ಮೊಡವೆಯ ಗುರುತುಗಳಿರುವ ಕಡೆ ಮಿನುಗುವ ಪುಡಿಯನ್ನಿಟ್ಟರೆ ಗುರುತೇ ಎದ್ದು ಕಾಣುತ್ತದೆ. ಬಣ್ಣವನ್ನು ಅಂಗೈಯ ಮೇಲೆ ಪರೀಕ್ಷಿಸದೆ ದವಡೆಯ ಅಂಚಿನಲ್ಲಿ ತೀಡಿ, ಅಂಗಡಿಯ ಹೊರಗೆ ಬಂದು ಹಗಲಿನಲ್ಲಿ ನೋಡಬೇಕು.

ಇಲ್ಲಿ ಒಂದು ಕಠಿಣವಾದ ಮಾತನ್ನು ಆಡದೆ ವಿಧಿಯಿಲ್ಲ. ಮುಖಕ್ಕೆ ಆಕಾರ ಕೊಡುವುದು ಒಂದು ಕೆಲಸ, ಮುಖವನ್ನು ಬೆಳ್ಳಗೆ ಮಾಡುವುದು ಇನ್ನೊಂದು. ಮೊದಲನೆಯದನ್ನು ಕೇಳಿ ಹೋದ ಹುಡುಗಿಗೆ ಎರಡನೆಯದನ್ನು ಮಾಡಿ ಕಳುಹಿಸುವ ಪರಿಪಾಠ ಎಲ್ಲೆಲ್ಲಿಯೂ ಇದೆ. ಕೊರಳು ಒಂದು ಬಣ್ಣ, ಮುಖ ಒಂದು ಬಣ್ಣ. ಹುಡುಗಿಯನ್ನು ನೋಡಲು ಬರುವವರ ಕಣ್ಣಿಗೆ ಹೆದರಿದ ತಾಯಂದಿರೇ ಇದಕ್ಕೆ ಒತ್ತಾಯಿಸುವುದೂ ಉಂಟು. ೧೯೭೫ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಆ್ಯಂಡ್ ಲವ್ಲಿ’ ೨೦೨೦ರಲ್ಲಿ ‘ಗ್ಲೋ ಆ್ಯಂಡ್ ಲವ್ಲಿ’ ಎಂದು ಹೆಸರನ್ನು ಬದಲಿಸಿಕೊಂಡಿತು. ನಮ್ಮ ನೆಂಟರಿಷ್ಟರ ಬಾಯಿಯ ಮಾತು ಇನ್ನೂ ಬದಲಾಗಿಲ್ಲ.

ಬೆಳ್ಳಗಾಗುವ ಈ ಹಂಬಲವು ಪ್ರಾಣಕ್ಕೇ ಸಂಚಕಾರವಾಗುವ ಸಂದರ್ಭಗಳಿವೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ಲಿನಲ್ಲಿ ೨೦೨೧ರ ಜುಲೈಯಿಂದ ೨೦೨೩ರ ಸೆಪ್ಟೆಂಬರಿನವರೆಗೆ ಮೂತ್ರಪಿಂಡದ ಒಂದು ಬಗೆಯ ರೋಗದಿಂದ ಬಂದ ೨೨ ಮಂದಿಯನ್ನು ವೈದ್ಯರು ಪರಿಶೀಲಿಸಿದರು. ಅವರಲ್ಲಿ ೧೫ ಮಂದಿಯ ರೋಗವು ಅಪರೂಪದ ಒಂದೇ ಜಾತಿಗೆ ಸೇರಿತ್ತು. ಆ ೧೫ರಲ್ಲಿ ೧೩ ಮಂದಿ ಬಿಳುಪಿನ ಲೇಪಗಳನ್ನು ಹಚ್ಚುತ್ತಿದ್ದುದಾಗಿ ತಿಳಿಸಿದರು. ಇಂಥ ಲೇಪಗಳಲ್ಲಿ ಬೆರೆಸುವ ಪಾದರಸವು ಚರ್ಮದ ಕಪ್ಪು ವರ್ಣದ್ರವ್ಯ ಹುಟ್ಟದಂತೆ ತಡೆಯುತ್ತದೆ, ಆದ್ದರಿಂದಲೇ ಮುಖ ಬೇಗನೆ ತಿಳಿಯಾಗುವುದು; ಚರ್ಮದ ಮೂಲಕ ಒಳಸೇರಿದ ಅದೇ ಪಾದರಸ ಮೂತ್ರಪಿಂಡವನ್ನು ಕೆಡಿಸುತ್ತದೆ. ಭಾರತದ ೨೦೨೦ರ ಸೌಂದರ್ಯವರ್ಧಕಗಳ ನಿಯಮಗಳಂತೆ ಮುಖಕ್ಕೆ ಹಚ್ಚುವ ಲೇಪದಲ್ಲಿ ತಿಳಿಯದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ೧ ಭಾಗವನ್ನು ಮೀರಕೂಡದು. ತಯಾರಿಸಿದವರ ವಿಳಾಸ, ಪರವಾನಗಿಯ ಸಂಖ್ಯೆ, ಒಳಗಿರುವ ವಸ್ತುಗಳ ಪಟ್ಟಿ ಇವಿಲ್ಲದ ಡಬ್ಬಿಯನ್ನು ಎಷ್ಟು ಅಗ್ಗವಾದರೂ ಮನೆಗೆ ತರಬಾರದು.

ಚೌಕಿಯ ಹಳೆಯ ಬಣ್ಣಗಳೂ ನಿರ್ದೋಷವಾಗಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಇಂಗಳೀಕವು ಪಾದರಸ ಮತ್ತು ಗಂಧಕಗಳ ಸಂಯುಕ್ತ, ಅರದಳವು ಆರ್ಸೆನಿಕ್ ಮತ್ತು ಗಂಧಕಗಳದು. ಕಲಾವಿದರು ಅವನ್ನು ಕಲೆಗಾಗಿ, ಆಟದ ರಾತ್ರಿಗಳಲ್ಲಿ, ಅನ್ಯೋಪಾಯವಿಲ್ಲದೆ ಧರಿಸಿದರು. ಇಂದು ಸಿದ್ಧಬಣ್ಣಗಳು ದೊರೆಯುವಾಗ, ಹವ್ಯಾಸಕ್ಕೆ ವೇಷ ಕಟ್ಟುವ ನಮ್ಮ ಮಕ್ಕಳಿಗೆ ಅವನ್ನು ಹಚ್ಚಬೇಕಾಗಿಲ್ಲ.

ಮದುವೆಯ ದಿನದ ಬಗೆಗೆ ನಮ್ಮ ಸೂಚನೆಯನ್ನು ಹೇಳಿ ಮುಗಿಸುವೆವು. ನಮ್ಮಲ್ಲಿ ಮುಹೂರ್ತ ಹಗಲಿಗೆ, ಆರತಕ್ಷತೆ ಸಂಜೆಗೆ ಬರುವುದು ಸಾಮಾನ್ಯ. ಬೆಳಗ್ಗೆ ಒಮ್ಮೆ ಹಚ್ಚಿದ ಬಣ್ಣದ ಮೇಲೆಯೇ ಸಂಜೆಯವರೆಗೂ ಪುಡಿ ಮೆತ್ತುತ್ತ ಹೋದರೆ ರಾತ್ರಿಯ ಹೊತ್ತಿಗೆ ಮುಖ ಬಿರುಕುಬಿಟ್ಟ ಗೋಡೆಯಾಗುತ್ತದೆ. ಮುಹೂರ್ತಕ್ಕೆ ಹೋಮದ ಹೊಗೆ, ಬಿಸಿ, ಕಣ್ಣೀರು ಇವೆಲ್ಲ ಇರುವುದರಿಂದ ತೆಳುವಾದ ಕ್ರೀಮಿನ ನೆರಳು, ಅದರ ಮೇಲೆ ಒಂದು ಸುತ್ತು ಪುಡಿ ಸಾಕು. ಬಂಧುಗಳು ಅಕ್ಷತೆ ಹಾಕಲು ಒಂದು ಮೊಳದ ದೂರಕ್ಕೆ ಬರುತ್ತಾರೆಂಬುದು ನೆನಪಿರಲಿ. ಮಧ್ಯಾಹ್ನದ ಊಟವಾದ ಮೇಲೆ ಮುಖವನ್ನು ಪೂರ್ತಿ ತೊಳೆದು, ಅರ್ಧ ಗಂಟೆ ಬಿಡುವು ಕೊಟ್ಟು, ಸಂಜೆಯ ವೇದಿಕೆಯ ದೀಪಕ್ಕೆ ಬೇರೆಯಾಗಿಯೇ ಹಚ್ಚಬೇಕು. ಆಗ ನೆರಳು ಒಂದು ಪಟ್ಟು ಹೆಚ್ಚಾದರೂ ಚಿಂತೆಯಿಲ್ಲ. ಕೆಲವು ಬಿಳಿಯ ಪುಡಿಗಳು ಕಣ್ಣಿಗೆ ಕಾಣದೆ ಕ್ಯಾಮರಾದ ಮಿಂಚಿಗೆ ಮಾತ್ರ ಸುಣ್ಣದಂತೆ ಬೆಳಗುವುದುಂಟು. ಆದುದರಿಂದ ವಾರದ ಮೊದಲೇ ಒಂದು ಸಲ ಬಣ್ಣ ಹಚ್ಚಿಸಿಕೊಂಡು, ಅದೇ ಮಿಂಚಿನಲ್ಲಿ ಒಂದು ಚಿತ್ರ ತೆಗೆಸಿ ನೋಡುವುದು ಲೇಸು. ಆ ದಿನವೇ ಪಾರ್ಲರಿನವರಿಗೆ ಮದುಮಗಳ ಕೊರಳನ್ನೂ ಕೈಗಳನ್ನೂ ತೋರಿಸಿ, ಮುಖವು ಇವಕ್ಕೆ ಹೊಂದಬೇಕೆಂದು ತಾಯಿಯೇ ಬಾಯಿಬಿಟ್ಟು ಹೇಳಬೇಕು.

ರಾತ್ರಿ ಎಷ್ಟೇ ದಣಿವಿದ್ದರೂ ಬಣ್ಣ ಹೊತ್ತುಕೊಂಡು ಮಲಗಬಾರದು. ಆಟ ಮುಗಿದ ಬೆಳಗಿನಲ್ಲಿ ವೇಷಧಾರಿಗಳು ಮಾಡುವಂತೆ ಕೊಬ್ಬರಿಯೆಣ್ಣೆಯನ್ನು ಮುಖಕ್ಕೆ ಸವರಿ, ಬಣ್ಣ ಸಡಿಲಿದ ಮೇಲೆ ಹಳೆಯ ಮೆತ್ತನೆಯ ಬಟ್ಟೆಯಿಂದ ಒರೆಸಿ, ಬೆಚ್ಚನೆಯ ನೀರಿನಲ್ಲಿ ತೊಳೆದರೆ ಆಯಿತು. ಮೊಡವೆಯ ಮುಖದವರು ಎಣ್ಣೆಯ ಅಂಶ ಉಳಿಯದಂತೆ ಮತ್ತೊಮ್ಮೆ ಸಾಬೂನಿನಿಂದ ತೊಳೆದುಕೊಳ್ಳಲಿ.